ನಾಲ್ಕನೇ ಜ್ವರ

"ಎಲ್ಲರಿಗೂ ನನ್ನ ಧ್ವನಿ ಕೇಳಿಸ್ತಾ ಇದೆಯಾ?"

ಕೇಳಿದವಳು ಹೊಂಗನೂರಿನ ನವ್ಯಶ್ರೀ. ಕೇಳಿಸಿಕೊಂಡವರು ರಾಮನಗರದ ಪುಟ್ಟ ಆಫೀಸೊಂದರಲ್ಲಿ ಮೇಜಿನ ಆಚೆಗೆ, ಕೈಚಾಚಿದರೆ ಮೂಗು ಸಿಗುವಷ್ಟು ಹತ್ತಿರ ಕೂತಿದ್ದ ನಾಲ್ವರು. ಯಾರೋ ಕಿಸಕ್ಕೆಂದರು. ನವ್ಯಶ್ರೀಯ ಬೆರಳು ಅಭ್ಯಾಸಬಲದಿಂದ ಕ್ಯಾಮೆರಾ ಆರಿಸುವ ಗುಂಡಿ ಹುಡುಕಿತು. ಸಿಕ್ಕಿದ್ದು ಬಿಸ್ಕತ್ತಿನ ತಟ್ಟೆ.

ನಮ್ಮ ಕಾಲದ ಪುಕ್ಕಲರಿಗೆ ಅವಿತುಕೊಳ್ಳಲು ಕಂಬವಾದರೂ ಇರುತ್ತಿತ್ತು. ಆರು ತಿಂಗಳಿಂದ ಮನೆಯಲ್ಲೇ ಕೂತು ವಿಮೆಯ ಗಿರಾಕಿಗಳಿಗೆ ಫೋನಿನಲ್ಲಿ ಸಮಾಧಾನ ಹೇಳುತ್ತಿದ್ದ ಈ ಹುಡುಗಿಗೆ ಇದ್ದದ್ದು ಆ ಗುಂಡಿಯೊಂದೇ. ಮೀಟಿಂಗಿನಲ್ಲಿ ಭಯವಾದರೆ ಒತ್ತುವುದು, ನೀರು ಕುಡಿಯುವುದು, ಮತ್ತೆ ಒತ್ತುವುದು. ಇವತ್ತು ಮೊದಲ ಕೆಲಸ ಕಾಯಂ ಆಗುತ್ತದೋ ಹೋಗುತ್ತದೋ ತೀರ್ಮಾನ. ಖುದ್ದಾಗಿ ಬರಲೇಬೇಕು ಎಂದಿದ್ದರು. ಬಸ್ಸಿನಲ್ಲಿ ಅಂಗೈ ಬೆವರಿ, ಪುಕ್ಕಟೆ ಟಿಕೆಟ್ಟು ಮುದ್ದೆಯಾಗಿತ್ತು.

ಹೊರಡುವಾಗ ಅವ್ವ ವೆಂಕಟಲಕ್ಷ್ಮಮ್ಮ ರೇಷ್ಮೆಹುಳಕ್ಕೆ ಸೊಪ್ಪು ಹಾಕುತ್ತಲೇ, "ಹೆದರ್ಕಬ್ಯಾಡ ಕಣವ್ವ. ಅವ್ರೇನು ನಿನ್ನ ತಿಂದ್ಬುಟ್ಟಾರಾ?" ಎಂದಿದ್ದಳು. ಹುಳ ಸಾಕುವ ಮನೆಯಲ್ಲಿ ತಿನ್ನುವ ಮಾತು ಧೈರ್ಯ ಕೊಡುವುದಿಲ್ಲ.

ಖುದ್ದಾಗಿ ಬಂದದ್ದು ನೌಕರಿಯವಳು ಮಾತ್ರ. ತೀರ್ಮಾನ ಮಾಡಬೇಕಾದ ಮೇಡಂ ಮಂಗಳೂರಿನಿಂದಲೇ, ಗೋಡೆಯ ಪರದೆಯ ಮೇಲೆ ಬಾಗಿಲಿನಷ್ಟು ದೊಡ್ಡ ಮುಖವಾಗಿ ಮೂಡಿದರು.

"ನವ್ಯಶ್ರೀ, ಕೆಲಸ ಚೆನ್ನಾಗಿ ಮಾಡಿದ್ದೀರಿ. ಆದರೆ ಈ ರಜೆ ಅರ್ಜಿಗಳು..." ಮೇಡಂ ಓದತೊಡಗಿದರು. "'ಮೂರನೇ ಜ್ವರ ಎದ್ದಿದೆ, ರಜೆ ಬೇಕು.' 'ನಾಲ್ಕನೇ ಜ್ವರ ಎದ್ದಿದೆ.' ಮುಂದಿನ ತಿಂಗಳು ಪುನಃ ಮೂರನೇ ಜ್ವರ! ಜ್ವರಕ್ಕೆ ಯಾರಾದರೂ ನಂಬರು ಹಾಕುತ್ತಾರಾ? ಸುಳ್ಳು ರಜೆ ಹಾಕಿದರೆ ಕೆಲಸ ಹೋಗುತ್ತದೆ, ಗೊತ್ತಲ್ಲ?"

ಬರೆದದ್ದರಲ್ಲಿ ಸುಳ್ಳು ಯಾವುದೆಂದು ನವ್ಯಶ್ರೀಗೆ ಹೊಳೆಯಲಿಲ್ಲ. ಹೊಳೆಯದ್ದಕ್ಕೇ ಇನ್ನಷ್ಟು ಹೆದರಿದಳು.

"ಹೇಳಿ. ಜ್ವರ ಯಾರಿಗೆ?"

"ಹುಳಕ್ಕೆ, ಮೇಡಂ."

ನೆಟ್‌ವರ್ಕ್ ಹೋಯಿತೇನೋ ಎಂಬಂತೆ ಮೇಡಂ ಮುಖ ಅಲುಗಲಿಲ್ಲ. ಮೇಜಿನಾಚೆ ಕೂತಿದ್ದ ಮಾಗಡಿ ಕಡೆಯ ಸೂಪರ್‌ವೈಸರ್ ಜಯಕುಮಾರ್ ನಗು ನುಂಗಿಕೊಂಡು ಎದ್ದರು. "ಮೇಡಂ, ರೇಷ್ಮೆಹುಳ ನಾಕು ಸಲ ಪೊರೆ ಬುಡ್ತವೆ. ಅದ್ಕೇ ಜ್ವರ ಅನ್ನೋದು. ಆವಾಗ ಏನೂ ತಿನ್ನಾಕಿಲ್ಲ, ಸುಮ್ಕೆ ಮಲಗಿರ್ತವೆ. ಎದ್ವು ಅಂದ್ರೆ ಮುಗೀತು, ಮನೆಮಂದಿಯೆಲ್ಲ ಸೊಪ್ಪು ಹಾಕ್ತಾನೇ ಇರ್ಬೇಕು."

"ಹಾಗಾದರೆ ಮೀಟಿಂಗಿನಲ್ಲಿ ಇವರ ಕಡೆಯಿಂದ ಸದಾ ಕೇಳುವ ಆ ಮಳೆಯ ಸದ್ದು?"

"ಅವು ಉಣ್ಣೋ ಸದ್ದು, ಮೇಡಂ," ಎಂದಳು ನವ್ಯಶ್ರೀ. "ನಮ್ಮನೇಲಿ ಸಿಗ್ನಲ್ ಸಿಗೋದು ಹುಳದ ರೂಮ್ನಲ್ಲೇ."

ಮೇಡಂ ಏನೋ ಬರೆದುಕೊಂಡರು. ಬರೆಯುತ್ತಲೇ ಇದ್ದರು. ಇದೇ ತನ್ನ ಕೊನೆಯ ಮೀಟಿಂಗು ಎಂದುಕೊಂಡು ನವ್ಯಶ್ರೀ ಬಿಸ್ಕತ್ತಿನ ತಟ್ಟೆಯನ್ನು ಎರಡು ಕೈಯಲ್ಲೂ ಹಿಡಿದಳು.

"ಕೆಲಸ ಕಾಯಂ," ಎಂದರು ಮೇಡಂ. "ಆದರೆ ವಾರಕ್ಕೆರಡು ದಿನ ಆಫೀಸಿಗೆ ಬಂದು ಮನುಷ್ಯರ ಮುಖ ನೋಡಬೇಕು. ಉಳಿದ ದಿನ ಮನೆ. ಸೋಮವಾರ ಬರಲಿಕ್ಕೆ ತೊಂದರೆ ಇಲ್ಲವಷ್ಟೆ?"

ನವ್ಯಶ್ರೀ ಬೆರಳು ಮಡಿಸಿ ಎಣಿಸಿದಳು.

"ಇಲ್ಲ ಮೇಡಂ. ಅವತ್ತು ಎಲ್ಲವಕ್ಕೂ ಜ್ವರ."