ಮುದ್ದಕ್ಕನ ಹಿತ್ತಿಲಿಗೆ ಬಂದ ನೀರು

ನಮ್ಮ ಬೇಲಿಯಾಚೆಯ ಮುದ್ದಮ್ಮನವರನ್ನು ಊರೆಲ್ಲ ಮುದ್ದಕ್ಕ ಎಂದೇ ಕರೆಯುವುದು. ಎರಡೆಕರೆ ಕಾಫಿ, ಒಂದು ಹಸು, ಮಾತೇ ಆಡದ ಗಂಡ ಓಂಕಾರಪ್ಪ, ಮಾತಿಗೇನೂ ಕಡಿಮೆಯಿಲ್ಲದ ಅತ್ತೆ ತುಂಗಮ್ಮ. ಇಷ್ಟರ ನಡುವೆ ಮುದ್ದಕ್ಕನಿಗಿದ್ದ ಒಂದೇ ಚಟ ಪ್ರಶ್ನೆ ಕೇಳುವುದು. ಕೊಟ್ಟಿಗೆಹಾರದ ಬಸ್ಸು ತಡವಾದರೆ ನಾವೆಲ್ಲ ಡ್ರೈವರನ್ನು ಬೈದು ಹತ್ತುತ್ತೇವೆ. ಮುದ್ದಕ್ಕ ಮಾತ್ರ ಏನು ಕೆಟ್ಟಿತ್ತು, ಎಲ್ಲಿ ಕೆಟ್ಟಿತ್ತು, ಯಾರು ಸರಿಮಾಡಿದರು ಎಂದು ತಿಳಿದುಕೊಂಡೇ ಸೀಟಿನಲ್ಲಿ ಕೂರುವವರು. ‘ಇವಳ ಬಾಯಿಗೆ ಬೀಗ ಹಾಕೋರು ಯಾರೂ ಹುಟ್ಟಿಲ್ಲ’ ಎಂದು ತುಂಗಮ್ಮ ಗೊಣಗುತ್ತಿದ್ದರು.

ಅಂಥವರ ತೋಟದೊಳಗೇ ಎಣ್ಣೆ ಪೈಪು ಬಂತು. 2002ರ ಬೇಸಿಗೆ. ಕರಾವಳಿಯಿಂದ ಘಟ್ಟ ಹತ್ತಿಸಿ ಬಯಲುಸೀಮೆಗೆ ಪೆಟ್ರೋಲು, ಡೀಸೆಲ್ಲು ಸಾಗಿಸುವ ಪೈಪಂತೆ. ಮರ ಕಡಿದರು, ನೆರಳಲ್ಲೇ ಬೆಳೆದ ಕಾಫಿಗಿಡಗಳ ನಡುವೆ ರಸ್ತೆಯಗಲದ ಬಿಸಿಲು ಬಿತ್ತು. ಕಾಲುವೆ ತೋಡಿ, ಪೈಪು ಬೆಸೆದು ಇಳಿಸಿ, ಮಣ್ಣು ಮುಚ್ಚಿದರು. ಇನ್ನು ಆ ಪಟ್ಟಿಯ ಮೇಲೆ ಮರ ನೆಡುವಂತಿಲ್ಲ, ಗುಂಡಿ ತೋಡುವಂತಿಲ್ಲ. ಹೋದ ಗಿಡಗಳಿಗಾಗಿ ನಾವೆಲ್ಲ ಮರುಗುತ್ತಿದ್ದರೆ ಮುದ್ದಕ್ಕನ ಚಿಂತೆಯೇ ಬೇರೆ.

“ಒಂದೇ ಪೈಪಲ್ಲಿ ಪೆಟ್ರೋಲೂ ಡೀಸೆಲ್ಲೂ ಹೋದ್ರೆ ಒಂದಕ್ಕೊಂದು ಬೆರೆಯಲ್ವಾ?” ಎಂದು ಪೈಪಿನ ಸೂಪರ್‌ವೈಸರ್ ದಯಾನಂದನನ್ನು ಹಿಡಿದು ಕೇಳಿದರು.

“ಅದು... ಕೇಳಿ ಹೇಳ್ತೀನಮ್ಮ” ಎಂದು ಹೋದವನು ಬಹಳ ದಿನ ಅವರ ಬೇಲಿಯ ಹತ್ತಿರ ಸುಳಿಯಲಿಲ್ಲ.

ಮಳೆಗಾಲ ಮುಗಿದ ಮೇಲೆ, ಪೈಪಿನ ಪಟ್ಟಿ ತಿರುಗುವ ಕಡೆ, ಮುದ್ದಕ್ಕನ ಹಿತ್ತಿಲ ಮೂಲೆಯಲ್ಲಿ ನೀರು ಒಸರತೊಡಗಿತು. ಮಳೆನೀರು, ತಾನೇ ನಿಲ್ಲುತ್ತದೆ ಎಂದುಕೊಂಡರು. ದೀಪಾವಳಿ ಕಳೆದರೂ ನಿಲ್ಲಲಿಲ್ಲ. ಸುತ್ತ ಕಲ್ಲು ಕಟ್ಟಿ ತೊಟ್ಟಿ ಮಾಡಿದರೆ ಬೆಳಗಾಗುವಷ್ಟರಲ್ಲಿ ತುಂಬಿರುತ್ತಿತ್ತು.

ಇದು ಎಂಥ ಭಾಗ್ಯವೆಂದು ತಿಳಿಯಲು ಒಂದು ಮಾತು ಹೇಳಲೇಬೇಕು. ಆ ಮನೆಗೆ ಬಾವಿಯಿಲ್ಲ, ತೋಡಿದಲ್ಲೆಲ್ಲ ಬಂಡೆ. ಮದುವೆಯಾಗಿ ಬಂದಾಗಿನಿಂದ ಮುದ್ದಕ್ಕ ಇಳಿಜಾರಿನ ಬುಡದ ಹಳ್ಳದಿಂದ ನೀರು ಹೊತ್ತವರು. ಅರ್ಧ ದಾರಿಯಲ್ಲೇ ಒಂದು ಒರತೆಯಿತ್ತು. ಆದರೆ ಅದು ಪಕ್ಕದ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಒರತೆ. ಲೈನಿನವರು ಮುಟ್ಟಿದ ನೀರು ತುಂಗಮ್ಮನ ಹೊಸಿಲು ದಾಟುವಂತಿರಲಿಲ್ಲ. ಹಾಗಾಗಿ ಸೊಸೆ ಖಾಲಿ ಕೊಡ ಹಿಡಿದು ಅದನ್ನು ದಾಟಿ ಇಳಿಯುತ್ತಿದ್ದರು, ತುಂಬಿದ ಕೊಡ ಹೊತ್ತು ಅದನ್ನೇ ದಾಟಿ ಹತ್ತುತ್ತಿದ್ದರು. ಇದು ಊರಲ್ಲಿ ಯಾರಿಗೂ ವಿಚಿತ್ರವೆನಿಸಿರಲಿಲ್ಲ. ಎಲ್ಲದಕ್ಕೂ ಪ್ರಶ್ನೆ ಹಾಕುವ ಮುದ್ದಕ್ಕ ಕೂಡ ಅದೊಂದನ್ನು ಕೇಳಿರಲಿಲ್ಲ.

ಈಗ ಗಂಗೆ ಮನೆಬಾಗಿಲಿಗೇ ಬಂದಿದ್ದಳು. ತುಂಗಮ್ಮ ತೊಟ್ಟಿಗೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿದರು. ದೇವರಿಗೂ ಅದೇ ನೀರು, ಕಾಫಿಗೂ ಅದೇ. ಮುದ್ದಕ್ಕನ ಸೊಂಟನೋವು ಇಳಿಯಿತು. ಮಧ್ಯಾಹ್ನ ಸ್ವಲ್ಪ ಹೊತ್ತು ಮಲಗುವ ಸುಖವನ್ನು ಮೊದಲ ಸಲ ಕಂಡರು. ಬಂದದ್ದನ್ನು ಅನುಭವಿಸಿಕೊಂಡು ಇರಬಾರದೇ? ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು.

ಜನವರಿಯಲ್ಲಿ ಕೊಯ್ಲು ಜೋರಾದಾಗ ತೊಟ್ಟಿಯ ನೀರಿಗೊಂದು ವಾಸನೆ ಹತ್ತಿತು. ಗುಡ್ಡದ ಮೇಲೆ ಎಸ್ಟೇಟಿನವರು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಇದೆ. ಅದರ ಕೊಳೆನೀರು ನಿಲ್ಲುವ ಗುಂಡಿಯ ಹುಳಿನಾತ ನಮಗೆಲ್ಲ ಗೊತ್ತು. ಅದೇ ನಾತ, ಸ್ವಲ್ಪ ತೆಳ್ಳಗೆ. “ಮಣ್ಣಿನ ವಾಸನೆ, ಸುಮ್ನೆ ಕುಡಿ” ಎಂದರು ತುಂಗಮ್ಮ. ಮುದ್ದಕ್ಕ ಲೋಟ ಹಿಡಿದು ನಮ್ಮ ಮನೆವರೆಗೂ ಬಂದು ನನ್ನಿಂದಲೂ ಮೂಸಿಸಿದರು.

ಮರುದಿನ ಲೈನಿನ ದೇವೀರಮ್ಮ ಸಿಕ್ಕರು. ಕೊಯ್ಲಿನ ಕೆಲಸ ಮುಗಿಸಿ, ಹಳ್ಳದಿಂದ ಕೊಡ ಹೊತ್ತು ಏದುಸಿರು ಬಿಡುತ್ತ ಹತ್ತಿ ಬರುತ್ತಿದ್ದರು.

“ಹಳ್ಳಕ್ಕೆ ಯಾಕೆ ಹೋಗಿದ್ರಿ ದೇವೀರಮ್ಮ? ನಿಮ್ಮ ಒರತೆಗೆ ಏನಾಯ್ತು?”

“ಬತ್ತೋಯ್ತಲ್ಲಮ್ಮ. ದೀಪಾವಳಿಯಿಂದ ಒಂದು ಹನಿ ಇಲ್ಲ.”

“ನಮ್ ತೊಟ್ಟಿ ನೀರು ನೋಡಿ, ಪಲ್ಪರ್ ಗುಂಡಿ ತರ ನಾರ್ತಿದೆ.”

ದೇವೀರಮ್ಮ ನಕ್ಕುಬಿಟ್ಟರು. “ಕೊಯ್ಲಿನ ಟೈಮಲ್ಲಿ ನಮ್ ಒರತೆ ವರ್ಷಾ ವರ್ಷಾ ಹಂಗೇ ನಾರ್ತಿತ್ತು. ಈ ವರ್ಷ ನಾರಲ್ಲ. ನಾರೋಕೆ ನೀರಾದ್ರೂ ಇರ್ಬೇಕಲ್ಲ!”

ಲೈನಿನವರು ಇಷ್ಟು ವರ್ಷ ಆ ನಾರುವ ನೀರನ್ನೇ ಕುಡಿಯುತ್ತಿದ್ದರೆಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಊರಿನ ಮೂಗು ಅಷ್ಟು ಚುರುಕು!

ಮುದ್ದಕ್ಕನಿಗೆ ಮಾತ್ರ ವಿಷಯ ಹೊಳೆದುಹೋಗಿತ್ತು. ಪೈಪಿನ ಪಟ್ಟಿ ನೋಡಲು ದಯಾನಂದ ಬಂದ ದಿನ, ಲೈನಿನ ಒರತೆಯ ನೀರು ತಮ್ಮ ಹಿತ್ತಿಲಿಗೆ ಬಂದದ್ದು ಹೇಗೆ ಎಂದು ಅಡ್ಡಗಟ್ಟಿ ಕೇಳಿದರು. ಈ ಸಲದ ಪ್ರಶ್ನೆಗೆ ಅವನಲ್ಲಿ ಉತ್ತರವಿತ್ತು.

“ಅಗೆದು ಮುಚ್ಚಿದ ಮಣ್ಣು ಸಡಿಲ ಅಮ್ಮ. ಗುಡ್ಡದ ನೀರು ಲೈನ್ ಕಡೆ ಇಳಿಯೋ ಬದಲು ಪೈಪಿನ ಬುಡ ಹಿಡ್ಕೊಂಡು ನಿಮ್ಮ ಕಡೆ ಬಂದಿದೆ. ಅಡ್ಡಕ್ಕೆ ಜೇಡಿಮಣ್ಣಿನ ಚೀಲ ಇಟ್ರೆ ವಾಪಸ್ ತಿರುಗುತ್ತೆ. ಆದ್ರೆ ನಿಮ್ದು ನಿಂತೋಗುತ್ತೆ. ಲೈನಿನವ್ರು ಯಾರೂ ಕಂಪ್ಲೇಂಟ್ ಕೊಟ್ಟಿಲ್ಲ. ಏನ್ ಮಾಡ್ಲಿ? ನೀವೇ ಹೇಳಿ.”

ಮುದ್ದಕ್ಕ ಯೋಚಿಸಿ ಹೇಳುತ್ತೇನೆ ಎಂದರು. ಬೇಲಿ ಹತ್ತಿರ ನನ್ನನ್ನು ಕಂಡು, “ಗೊತ್ತಾಗದೇ ಇದ್ದಿದ್ರೆ ಎಷ್ಟು ಚೆನ್ನಾಗಿತ್ತು ಮಾರಾಯ” ಎಂದವರ ಮುಖ ನೋಡಲಾಗಲಿಲ್ಲ. ಮತ್ತೆ ಆ ಇಳಿಜಾರು, ಮತ್ತೆ ಆ ಕೊಡ ಎಂದರೆ ಯಾರಿಗೆ ತಾನೇ ಸಂಕಟವಾಗುವುದಿಲ್ಲ?

ಕೊನೆಗೆ ಅತ್ತೆಗೆ ಹೇಳಿದ ದಿನ ನಾನೂ ಅವರ ಜಗಲಿಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದೆ.

“ಮನೆಗೆ ಬಂದ ಗಂಗೆನ ಯಾರಾದ್ರೂ ಅಟ್ತಾರೇನೆ?” ಎಂದು ತುಂಗಮ್ಮ ರೇಗಿದರು.

“ಅದು ಲೈನಿನವರ ನೀರು ಅತ್ತೆ. ಇಷ್ಟು ದಿನ ನಾವು ಕುಡ್ದಿದ್ದು, ದೇವ್ರಿಗೆ ಇಟ್ಟಿದ್ದು ಎಲ್ಲಾ ಅದೇ.”

ತುಂಗಮ್ಮ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಹೋಗುವ ನೀರು ಹೆಚ್ಚೋ ಮಡಿ ಹೆಚ್ಚೋ ಎಂದು ಮನಸ್ಸಿನಲ್ಲೇ ತೂಗಿರಬೇಕು. ಲೋಟ ಮತ್ತೆ ಎತ್ತಿಕೊಂಡು, “ನೆಲದೊಳಗೆ ಹರಿದು ಬಂದ ನೀರಿಗೆ ಮೈಲಿಗೆ ಇಲ್ಲ ಬಿಡು” ಎಂದರು.

“ಅವರ ಒರತೆಗೂ ನೆಲದೊಳಗಿಂದ್ಲೇ ಅಲ್ವಾ ಬರ್ತಿದ್ದಿದ್ದು?”

ಅತ್ತೆ ಒಳಗೆ ಹೋಗಲು ಎದ್ದರು.

“ಹಂಗಾದ್ರೆ ಇಷ್ಟು ವರ್ಷ ನನ್ನ ಯಾಕೆ ಹಳ್ಳಕ್ಕೆ ಇಳಿಸಿದ್ರಿ?”

ಕೇಳುವಾಗ ಮುದ್ದಕ್ಕ ಅಳುತ್ತಿದ್ದರು, ದುಃಖಕ್ಕಲ್ಲ, ಸಿಟ್ಟಿಗೆ. ಓಂಕಾರಪ್ಪ ಓದುತ್ತಿದ್ದ ಪೇಪರು ಮಡಚಿಟ್ಟು ಹಸು ನೋಡುವ ನೆಪದಲ್ಲಿ ಎದ್ದುಹೋದರು.

ಮುದ್ದಕ್ಕ ಹೇಳಿಕಳಿಸಿದಂತೆ ಮರುವಾರ ದಯಾನಂದನ ಆಳುಗಳು ಚೀಲ ಇಟ್ಟರು. ತೊಟ್ಟಿ ಒಣಗಿತು. ಮನೆಗೆ ಬಂದ ಭಾಗ್ಯವನ್ನು ಕಾಲಲ್ಲಿ ಒದ್ದಳು ಎಂದು ಊರು ಆಡಿಕೊಂಡಿತು. ಲೈನಿನ ಒರತೆ ಮೊದಲು ಒದ್ದೆಯಾಯಿತು, ಆಮೇಲೆ ಹನಿಯಿತು, ಕಾಫಿ ಹೂಬಿಡುವ ಹೊತ್ತಿಗೆ ಹಿಂದಿನಂತೆಯೇ ಹರಿಯಿತು. ಅಷ್ಟೂ ದಿನ ಮುದ್ದಕ್ಕ ಹಳ್ಳಕ್ಕೇ ಹೋದರು.

ಒಂದು ಬೆಳಗ್ಗೆ ನಾನು ಅದೇ ದಾರಿಯಲ್ಲಿ ಇಳಿಯುತ್ತಿದ್ದೆ. ಒರತೆಯ ಮುಂದೆ ಲೈನಿನ ಹೆಂಗಸರು ಕೊಡ ಹಿಡಿದು ನಿಂತಿದ್ದರು. ಮುದ್ದಕ್ಕ ಅವರನ್ನು ದಾಟಿ ಹೋಗಲಿಲ್ಲ. ಅಲ್ಲೇ ನಿಂತರು. ಹೆಂಗಸರು ತಿರುಗಿ ನೋಡಿದರು.

“ದೇವೀರಮ್ಮ, ನಾನೂ ಇಲ್ಲೇ ತುಂಬ್ಕೊಳ್ಳಲಾ?”

“ದೊಡ್ಡಮ್ಮೋರು ಒಪ್ತಾರಾ?”

“ಬೇಡ ಅಂದ್ರೆ ಅವರೇ ಹಳ್ಳಕ್ಕೆ ಇಳೀಲಿ.”

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಮುಂದಿದ್ದವಳೊಬ್ಬಳು ತನ್ನ ಕೊಡ ಎತ್ತಿಕೊಂಡು ಮುದ್ದಕ್ಕನಿಗೆ ಜಾಗ ಬಿಡಲು ಸರಿದಳು. ದೇವೀರಮ್ಮ ಅವಳ ತೋಳು ಹಿಡಿದು ಅಲ್ಲೇ ನಿಲ್ಲಿಸಿದರು.

“ಸಾಲಲ್ಲಿ ನಿಂತ್ಕಳಿ ಅಮ್ಮ” ಎಂದರು.

ಮುದ್ದಕ್ಕ ಹಿಂದೆ ಹೋಗಿ, ಎಲ್ಲರಿಗಿಂತ ಕೊನೆಯಲ್ಲಿ ಕೊಡ ಇಟ್ಟು ನಿಂತರು.