ಅಂಬ್ರಪ್ಪ ಮಾಸ್ತರರ ಕೊರಳ ತಂತಿ

ರಂಗಂಪೇಟೆಯಲ್ಲಿ ಅಂಬ್ರಪ್ಪ ಮಾಸ್ತರರ ಮನೆ ಯಾವುದೆಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ತಂತಿ ಮಾಸ್ತರು ಎನ್ನಿ, ಬಾಗಿಲವರೆಗೆ ಬಿಟ್ಟು ಬರುತ್ತಾರೆ. ಅಲ್ಲಿನ ಒಂದು ಸಣ್ಣ ಕಾಲೇಜಿನಲ್ಲಿ ಅವರು ರಸಾಯನಶಾಸ್ತ್ರ ಕಲಿಸುತ್ತಾರೆ. ಆ ಕಾಲೇಜಿನ ಆಸ್ತಿ ಎಂದರೆ ಗಾಜಿನ ಕಡ್ಡಿಯ ತುದಿಗೆ ಕೂಡಿಸಿದ ಬೆರಳುದ್ದದ ಪ್ಲಾಟಿನಂ ತಂತಿ. ತಂತಿಗೆ ಯಾವುದಾದರೂ ಲವಣದ ಪುಡಿ ಹಚ್ಚಿ ಬೆಂಕಿಗೆ ಹಿಡಿದರೆ ಜ್ವಾಲೆಗೆ ಬಣ್ಣ ಬರುತ್ತದೆ; ಆ ಬಣ್ಣ ನೋಡಿ ಒಳಗಿರುವ ಲೋಹ ಯಾವುದೆಂದು ಹೇಳಬೇಕು. ಕೆಂಪಾದರೆ ಸ್ಟ್ರಾನ್ಶಿಯಂ, ಹಸಿರಾದರೆ ಬೇರಿಯಂ, ಹಳದಿಯಾದರೆ ಸೋಡಿಯಂ.

ಹಿಂದಿನ ಮಾಸ್ತರರು ನಿವೃತ್ತರಾಗುವಾಗ, "ಬಂಗಾರಕ್ಕಿಂತ ತುಟ್ಟಿ ಐತಿ ಅಂಬ್ರಪ್ಪ, ಜೀವದ್ಹಂಗ ಕಾಯಿ" ಎಂದು ಕೈಗಿಟ್ಟು ಹೋಗಿದ್ದರು. ಅಂಬ್ರಪ್ಪ ಮಾಸ್ತರರು ಕಪಾಟಿನ ಕೀಲಿಯನ್ನು ನಂಬುವ ಆಸಾಮಿಯಲ್ಲ. ಕಡ್ಡಿಗೆ ಕರಿದಾರ ಕಟ್ಟಿ ಕೊರಳಿಗೆ ಹಾಕಿಕೊಂಡು ಅಂಗಿಯೊಳಗೆ ಇಳಿಬಿಟ್ಟರು. ಜಳಕಕ್ಕೂ ಅದೇ, ನಿದ್ದೆಗೂ ಅದೇ.

"ನನಗ ತಾಳಿ ನೀವು ಕಟ್ಟಿದ್ರಿ, ನಿಮಗ ಯಾರು ಕಟ್ಯಾರ?" ಎಂದು ಹೆಂಡತಿ ಸಾವಿತ್ರಿಬಾಯಿ ರೇಗಿಸುತ್ತಿದ್ದರು.

ಪ್ರಯೋಗದ ದಿನವೂ ದಾರ ಬಿಚ್ಚುತ್ತಿರಲಿಲ್ಲ. "ತಂತಿ ನಿಮ್ಮ ಕೈಯಾಗ, ದಾರ ನನ್ನ ಕೊರಳಾಗ" ಎಂಬುದು ಕಟ್ಟಳೆ. ಹುಡುಗರು ಅವರನ್ನೇ ಬರ್ನರಿನಿಂದ ಬರ್ನರಿಗೆ ಜಗ್ಗಿಕೊಂಡು ಹೋಗುತ್ತಿದ್ದರು. ಜ್ವಾಲೆಗೆ ಮೀಸೆ ಸುಟ್ಟು ಸುಟ್ಟು ಮಾಸ್ತರರು ಕೊನೆಗೆ ಅದನ್ನು ಬೋಳಿಸಿಯೇ ಬಿಟ್ಟರು. ಇಷ್ಟೆಲ್ಲ ಮಾಡಿ ಕಂಡದ್ದೇನು? ಯಾವ ಪುಡಿ ಹಚ್ಚಿದರೂ ಹಳದಿ! ಎಲ್ಲರೂ ಸೋಡಿಯಂ ಎಂದೇ ಬರೆದರು. ಲವಣ ಮಾರುವ ಕಂಪನಿಯವರು ಎಲ್ಲ ಬಾಟಲಿಗೂ ಅಡುಗೆ ಉಪ್ಪು ತುಂಬಿ ಕಳಿಸುತ್ತಾರೆಂದು ಮಾಸ್ತರರಿಗೆ ಖಾತ್ರಿಯಾಗಿತ್ತು. ಹೊರಗಿನಿಂದ ಬಂದ ಪರೀಕ್ಷಕರೂ ಬಗ್ಗಿ ನೋಡಿ, ಕಂಪನಿಯನ್ನು ಬೈದು, ಅಂಕ ಕೊಟ್ಟು, ಊಟ ಮಾಡಿ ಹೋದರು. ಆ ಪುಣ್ಯಾತ್ಮರಿಗೆ ಏನನ್ನಬೇಕು!

ಈ ವರ್ಷ ಯಾದಗಿರಿಯಿಂದ ಪಾರ್ವತಿಬಾಯಿ ಎಂಬ ಪರೀಕ್ಷಕರು ಬಂದರು. ಲವಣಗಳನ್ನು ತಾವೇ ತಂದಿದ್ದರು. ಮೌನಿಕಾ ಎಂಬ ಹುಡುಗಿ ಮಾಸ್ತರರನ್ನು ಜಗ್ಗಿ ತಂದು, ಜ್ವಾಲೆ ನೋಡಿ, "ಸೋಡಿಯಂ ರೀ" ಎಂದಳು.

"ನಾ ಕೊಟ್ಟದ್ದು ಸ್ಟ್ರಾನ್ಶಿಯಂ ಐತವ್ವ."

"ಕಣ್ಣಿಗೆ ಹಳದಿ ಕಾಣಾಕತ್ತದ್ರಿ ಮೇಡಂ. ಕೆಂಪ ಅಂತ ಹೆಂಗ ಬರೀಲಿ?"

ಪಾರ್ವತಿಬಾಯಿ ಬಗ್ಗಿ ನೋಡಿದರು. ಹಳದಿಯೇ. ಅವರ ಕಣ್ಣು ದಾರದಗುಂಟ ಮಾಸ್ತರರ ಕೊರಳಿಗೆ ಬಂದು ನಿಂತಿತು.

"ಸರ್, ದಾರ ಬಿಚ್ರಿ. ತಂತಿ ಆಸಿಡ್‌ನ್ಯಾಗ ಅದ್ದಿ ತೊಳೀಬೇಕು. ಇಲ್ಲಂದ್ರ ಎಲ್ಲಾ ಹುಡುಗ್ರಿಗೂ ಸೊನ್ನಿ."

ಮಾಸ್ತರರು ಕೊರಳ ದಾರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. "ಆಸಿಡ್ ನುಂಗಿಬಿಟ್ರ?"

"ಈ ಆಸಿಡ್ಡಿಗೆ ಅದು ಜಗ್ಗಂಗಿಲ್ರಿ."

ಅದನ್ನು ಮಾಸ್ತರರೇ ಪ್ರತಿವರ್ಷ ಪಾಠ ಮಾಡಿದ್ದರು. ಆದರೆ ಪಾಠದ ಮಾತು ಬೇರೆ, ಕೊರಳಿನ ಮಾತು ಬೇರೆ. ಬಾಗಿಲ ಕಡೆ ಓಡಲು ನೋಡಿದರು. ಕಡ್ಡಿ ಇನ್ನೂ ಮೌನಿಕಾಳ ಕೈಯಲ್ಲಿತ್ತು.

"ನಮ್ಮ ಸಲುವಾಗಿ ಬಿಚ್ರಿ ಸರ್," ಎಂದಳು ಅವಳು, ಅಳುವುದೊಂದು ಬಾಕಿ.

ಬಿಚ್ಚಿದರು. ಪಾರ್ವತಿಬಾಯಿ ತಂತಿಯನ್ನು ಅದ್ದಿದರು, ಕಾಯಿಸಿದರು, ಮತ್ತೆ ಅದ್ದಿದರು. ಕಡೆಗೊಮ್ಮೆ ಬೆಂಕಿಗೆ ಹಿಡಿದಾಗ ಯಾವ ಬಣ್ಣವೂ ಏಳಲಿಲ್ಲ.

"ಸತ್ತೇ ಹೋತಲ್ರಿ!" ಮಾಸ್ತರರು ಚೀರಿದರು. "ಹಳದಿ ಎಲ್ಲಿ?"

ಪಾರ್ವತಿಬಾಯಿ ಸ್ಟ್ರಾನ್ಶಿಯಂ ಪುಡಿ ಹಚ್ಚಿ ಹಿಡಿದರು. ಒಣಮೆಣಸಿನಕಾಯಿ ರಾಶಿಯಂತೆ ಕೆಂಪೋ ಕೆಂಪು. ಮತ್ತೆ ತೊಳೆದು ಬೇರಿಯಂ ಹಚ್ಚಿದರು. ಹಸಿರು. ಆ ಕೋಣೆಯಲ್ಲಿ ಇಂಥದ್ದನ್ನು ಯಾರೂ ಕಂಡಿರಲಿಲ್ಲ.

"ಹಂಗಾದ್ರ ಇಷ್ಟ ವರ್ಷದ ಹಳದಿ?"

"ನಿಮ್ಮ ಬೆವರ್ರಿ ಸರ್. ಅದರಾಗ ಸೋಡಿಯಂ ಇರ್ತದಲ್ಲ, ಉಳದ ಬಣ್ಣ ಎಲ್ಲಾ ಮುಚ್ಚಿಬಿಡ್ತದ."

ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಸ್ತರರಿಗೆ ನಾಚಿಕೆ, ಅದಕ್ಕಿಂತ ಹೆಚ್ಚು ಸಂಕಟ. ಎಷ್ಟೊಂದು ಮಕ್ಕಳು ಬಂದು ಹೋದರು, ಒಬ್ಬರಿಗೂ ಒಂದು ಕೆಂಪು, ಒಂದು ಹಸಿರು ತೋರಿಸಲಿಲ್ಲ. ಕಾದು ಕಾದು ತೋರಿಸಿದ್ದು ತಮ್ಮನ್ನೇ.

ಮೌನಿಕಾ ತಂತಿಯನ್ನು ತಾನೇ ಹಿಡಿದು, ಕೆಂಪು ಕಂಡು, ಬರೆದುಕೊಂಡಳು. ಆಮೇಲೆ ರೂಢಿಯಂತೆ ಅದನ್ನು ಮಾಸ್ತರರ ಮುಂದೆ ಚಾಚಿದಳು. ಅವರ ಕೈ ಅರ್ಧದವರೆಗೆ ಬಂತು, ನಿಂತಿತು.

"ಮುಂದಿನಾಕಿ ಕೈಯಾಗ ಕೊಡವ್ವ," ಎಂದರು ಅಂಬ್ರಪ್ಪ ಮಾಸ್ತರರು, ಕೈ ಹಿಂದೆ ಕಟ್ಟಿಕೊಳ್ಳುತ್ತ. "ನನ್ನ ಕಡೆ ತರಬ್ಯಾಡ."