ಬಿಳಿ ರೇಷ್ಮೆಗೆ ಹಚ್ಚಿದ ಅರಿಶಿನ

ಹಿಂದೂಪುರದ ಬೆಲ್ಲದ ಮಂಡಿಯ ಮಹಡಿಯಲ್ಲಿ ಎರಡು ಕೋಣೆಗಳ ಒಂದು ಕೇಂದ್ರವಿತ್ತು. ಏಷ್ಯಾದ ದೇಶಗಳ ನಡೆನುಡಿ, ವ್ಯಾಪಾರ ನಮ್ಮ ಜನಕ್ಕೆ ಗೊತ್ತಾಗಲಿ ಎಂದು ಅದನ್ನು ತೆರೆದವರು ಯುದ್ಧದ ಕಾಲದಲ್ಲಿ ರಂಗೂನಿನ ಅಂಗಡಿ ಬಿಟ್ಟು ಊರು ಸೇರಿದ್ದ ಒಬ್ಬ ಮುದುಕರು. ಎಲ್ಲರಿಗೂ ಅವರು ತಾತ. ಲಾಭದ ಮಾತು ಎತ್ತಿದರೆ ಬೈಯುತ್ತಿದ್ದರು. ಗೋಡೆಯ ಮೇಲೆ ದೊಡ್ಡ ನಕ್ಷೆ, ಬೀರುವಿನಲ್ಲಿ ಬರ್ಮಾದ ಕೊಡೆ, ಜಪಾನಿನ ಬೀಸಣಿಗೆ, ಹಿಡಿಯಿಲ್ಲದ ಚೀನಾದ ಬಟ್ಟಲುಗಳು. ಕೆಳಗಿನ ಬೆಲ್ಲಕ್ಕೆ ಬಂದ ನೊಣಗಳು ಮೇಲೆ ಬಂದು ಎಲ್ಲ ದೇಶಗಳ ಮೇಲೂ ಕೂರುತ್ತಿದ್ದವು.

ನಾನಲ್ಲಿ ಟೈಪಿಸ್ಟು. ನೇಕಾರರ ಮನೆಯ ಹುಡುಗಿ ಇಂಗ್ಲಿಷಿನಲ್ಲಿ ಕಾಗದ ಹೊಡೆಯುತ್ತಾಳೆ ಎಂದು ಬೀದಿಯಲ್ಲಿ ಹೆಸರಾಗಿತ್ತು, ನನಗೂ ಜಂಬ ಕಡಿಮೆ ಇರಲಿಲ್ಲ. ಭಾನುವಾರ ಬಂದವರಿಗೆ ಕೋಲು ಹಿಡಿದು ನಕ್ಷೆ ತೋರಿಸಿ, ಜಪಾನಿನವರು ಯಾವುದನ್ನು ಶುಭವೆನ್ನುತ್ತಾರೆ, ಯಾವುದಕ್ಕೆ ಮುಖ ಸಿಂಡರಿಸುತ್ತಾರೆ ಎಂದು ಹೇಳುತ್ತಿದ್ದೆ. ಸಾಮಾನಿನ ಶುಚಿ ಅವರಿಗೆ ಬಹಳ ಮುಖ್ಯ ಎಂದೂ ಹೇಳುತ್ತಿದ್ದೆ. ನಾನೇ ಹೇಳುತ್ತಿದ್ದೆ, ನೆನಪಿರಲಿ.

ನಮ್ಮಣ್ಣನದು ಗುಂಡಿ ಮಗ್ಗ. ನಡುಮನೆಯ ನೆಲದಲ್ಲಿ ಕಾಲು ಇಳಿಬಿಟ್ಟು ಕೂರುವ ಗುಂಡಿ, ಅದರ ಮೇಲೆ ಅಪ್ಪನ ಕಾಲದ ಮಗ್ಗ. ಆ ವರ್ಷ ನೂಲು ಕೊಡುತ್ತಿದ್ದ ಯಜಮಾನರು ಕೈಬಿಟ್ಟಿದ್ದರು, ಮಗ್ಗ ಸುಮ್ಮನೆ ನಿಂತಿತ್ತು. ಅತ್ತಿಗೆಯ ತವರು ಕಲ್ಯಾಣದುರ್ಗ. ಅಲ್ಲಿ ಕಡಲೆಕಾಯಿ ಮಿಲ್ಲಿನಲ್ಲಿ ಆಳು ಬೇಕು, ಬಂದುಬಿಡಿ ಎಂದು ಅವಳ ಅಣ್ಣಂದಿರು ಹೇಳಿ ಕಳಿಸುತ್ತಲೇ ಇದ್ದರು. ಅಣ್ಣ ಜಗ್ಗಲಿಲ್ಲ. "ಲಾಳಿ ಹಿಡಿದ ಕೈಲಿ ಮೂಟೆ ಹೊರಾಕಾಯ್ತದಾ?" ಎನ್ನುತ್ತಿದ್ದ.

ಅಂಥ ಹೊತ್ತಿಗೆ ಜಪಾನಿನ ಒಬ್ಬ ವ್ಯಾಪಾರಿ ಕೇಂದ್ರಕ್ಕೆ ಬರೆದ. ಕೈಮಗ್ಗದ ಬಿಳಿ ರೇಷ್ಮೆ ಬೇಕು, ಬಣ್ಣ ಬೇಡ, ಅಂಚು ಬೇಡ, ಮೊದಲು ಮಾದರಿಗೆ ಐದು ಗಜ ಕಳಿಸಿ. ಒಪ್ಪಿಗೆಯಾದರೆ ನಮ್ಮ ಬೀದಿಗೆಲ್ಲ ವರ್ಷಗಟ್ಟಲೆ ಕೆಲಸ. ತಾತ ತಾವೇ ನೂಲು ತರಿಸಿ ಅಣ್ಣನ ಕೈಗಿಟ್ಟರು. "ಬಾಗಾ ನೇಯಪ್ಪಾ," ಚೆನ್ನಾಗಿ ನೇಯಿ ಎಂದು ತಮ್ಮ ತೆಲುಗು ಬೆರೆಸಿ ಹೇಳಿದರು, ಅಷ್ಟೇ.

ಅಣ್ಣ ಹದಿನೈದು ದಿನ ನೇಯ್ದ. ಬೀಡಿ ಬಿಟ್ಟ, ಮಗ್ಗಕ್ಕೆ ಕೂರುವ ಮುಂಚೆ ಪ್ರತಿ ಸಲ ಕೈ ತೊಳೆದ. ಬಟ್ಟೆ ಮಗ್ಗದಿಂದ ಇಳಿದಾಗ ಕೆನೆಯ ಹಾಗಿತ್ತು. ಅಂಥ ನೇಯ್ಗೆ ನಮ್ಮ ಮನೆಯಲ್ಲಿ ಮುಂಚೆಯೂ ಆಗಿರಲಿಲ್ಲ, ಆಮೇಲಂತೂ ಆಗಲೇ ಇಲ್ಲ.

ಅವನು ಪೋಸ್ಟಾಫೀಸಿಗೆ ಬರಲು ಅಂಗಿ ಹಾಕಿಕೊಳ್ಳುತ್ತಿದ್ದಾಗ ನಾನು ಬಟ್ಟೆ ಮಡಿಸುತ್ತಿದ್ದೆ. ಅಮ್ಮ ಅರಿಶಿನದ ಬಟ್ಟಲು ಹಿಡಿದು ಬಂದಳು.

"ಬೋಳು ಬಿಳೀ ಬಟ್ಟೆ ಹಂಗೇ ಆಚೆ ಕಳಿಸ್ಬಾರ್ದು ಕಣಮ್ಮ. ಸಾವಿನ ಮನೆಗೆ ಕಳಿಸ್ದಂಗೆ. ಮೂಲೇಲಿ ಒಂದ್ ಚೂರು ಹಚ್ಚು."

"ಅವ್ರಿಗೆ ಇದೆಲ್ಲ ಗೊತ್ತಾಗಲ್ಲಮ್ಮ."

"ಗೊತ್ತಾಗದೆ ಏನು? ಅವ್ರ ಮನೇಲೂ ಹೆಂಗಸ್ರು ಇಲ್ವಾ?"

ಹೊಸ ಬಟ್ಟೆಯ ಮೂಲೆಗೆ ಅರಿಶಿನ ಹಚ್ಚದೆ ನಮ್ಮಲ್ಲಿ ಯಾರೂ ಮೈಗೇರಿಸುವುದಿಲ್ಲ, ಯಾರಿಗೂ ಕೊಡುವುದಿಲ್ಲ. ಅಪ್ಪ ಹೋದ ಮೇಲೆ ಅಮ್ಮ ತಾನು ಅರಿಶಿನ ಮುಟ್ಟುತ್ತಿರಲಿಲ್ಲ. ಬಟ್ಟಲನ್ನು ನನ್ನ ಮುಂದಿಟ್ಟು ದೂರ ನಿಂತಳು. ಅವಳ ಮುಖ ನೋಡಿ ಇಲ್ಲವೆನ್ನಲಾಗಲಿಲ್ಲ. ನನಗೂ ಒಳಗೊಳಗೆ ಹಚ್ಚಬೇಕೆಂದೇ ಇತ್ತು, ಸುಳ್ಳು ಯಾಕೆ ಹೇಳಲಿ. ಬೆರಳ ತುದಿಯಷ್ಟು ಹಚ್ಚಿ, ಮಡಿಕೆ ಮುಚ್ಚಿ, ಪಾರ್ಸೆಲ್ ಹೊಲಿದೆ.

ಮೂರು ತಿಂಗಳಾದ ಮೇಲೆ ಉತ್ತರ ಬಂತು. ತಾತ ಓದಿ, ಕನ್ನಡಕ ತೆಗೆದು, ಕಾಗದ ನನ್ನ ಕಡೆ ತಳ್ಳಿದರು. 'ನೇಯ್ಗೆ ನಾವು ಈವರೆಗೆ ನೋಡಿದ್ದರಲ್ಲೇ ಉತ್ತಮವಾದದ್ದು. ಆದರೆ ಬಟ್ಟೆಗೆ ನೀರು ತಾಕಿ, ಯಾವುದೋ ಹಳದಿ ಬಣ್ಣ ಮಡಿಕೆ ಮಡಿಕೆಗೂ ಇಳಿದಿದೆ. ಶುಚಿಯ ಎಚ್ಚರವಿಲ್ಲದ ಕಡೆ ವ್ಯವಹಾರ ಕಷ್ಟ. ಆರ್ಡರನ್ನು ಬೇರೆಯವರಿಗೆ ಕೊಟ್ಟಿದ್ದೇವೆ.'

"ಏಮಮ್ಮಾ, ಪಸುಪು ಪೆಟ್ಟಿನಾವಾ?" ಎಂದರು ತಾತ. ಅರಿಶಿನ ಹಚ್ಚಿದೆಯಾ ಎಂದು ಕೇಳಿದ್ದು. ತಲೆಯಾಡಿಸಿದೆ. ಅವರು ಬೈಯಲಿಲ್ಲ. "ಅವರ ವಿಷಯ ನಿಮಗೆಲ್ಲ ಹೇಳ್ದೆ. ನಮ್ಮ ವಿಷಯ ಅವರಿಗೆ ಒಂದು ಸಾಲು ಬರೀಲಿಲ್ಲ ನೋಡು," ಎಂದು ಕಿಟಕಿಯ ಕಡೆ ತಿರುಗಿ ಕೂತರು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನ ಬಾನಿಗೆ ಬಿತ್ತು ಅನ್ನುತ್ತಾರಲ್ಲ, ಆ ಹಲ್ಲಿ ನಾನೇ.

ಮನೆಗೆ ಬಂದರೆ ಅಣ್ಣ ಬಾಗಿಲಲ್ಲೇ ಕಾಯುತ್ತಿದ್ದ. ಒಳಗೆ ಅಮ್ಮ ಜ್ವರದಲ್ಲಿ ಮಲಗಿದ್ದಳು, ಆದರೆ ಕಿವಿ ಇತ್ತ ಕಡೆಯೇ ಇತ್ತು. ಅರಿಶಿನದಿಂದ ಕೆಟ್ಟಿತು ಎಂದರೆ ಆ ಜೀವ ಅಲ್ಲೇ ಒಡೆದುಹೋಗುತ್ತದೆ ಎನಿಸಿತು. ಹಚ್ಚಿದ್ದು ನನ್ನ ಬೆರಳು ಎಂಬ ಭಯವೂ ಇತ್ತು.

"ಬ್ಯಾಡ್ವಂತೆ ಅಣ್ಣ," ಎಂದೆ.

"ಯಾಕಂತೆ? ನೇಯ್ಗೆ ಸರಿ ಇಲ್ವಂತಾ?"

"ಏನೂ ಬರೆದಿಲ್ಲ."

ಮಗ್ಗದಲ್ಲಿ ಉಳಿದಿದ್ದ ಗೇಣುದ್ದದ ತುಂಡನ್ನು ಅವನು ಬಿಸಿಲಿಗೆ ಹಿಡಿದ. ಮಧ್ಯಾಹ್ನವೆಲ್ಲ ಹಿಡಿದೇ ಇದ್ದ. ಕೊನೆಗೆ ಒಂದು ಕಡೆ ಎಳೆ ಒಂದಿಷ್ಟು ಸಡಿಲವಿದ್ದದ್ದು ಸಿಕ್ಕಿತು. "ಇಲ್ನೋಡು, ಇಲ್ಲೇ ಕೆಟ್ಟದೆ. ಅವ್ರ ಕಣ್ಣು ಸೂಕ್ಷ್ಮ," ಎಂದ. ಬಾಯಿ ತೆರೆಯಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿರಲಿಲ್ಲ, ನಾನು ಬಾಯಿ ತೆರೆಯಲಿಲ್ಲ. ಅಮ್ಮನ ಜ್ವರ ಇಳಿದ ವಾರ ಅವನು ಮಗ್ಗ ಬಿಚ್ಚಿ, ಗುಂಡಿಗೆ ಮಣ್ಣು ತುಂಬಿ, ಹೆಂಡತಿಯನ್ನು ಕರೆದುಕೊಂಡು ಕಲ್ಯಾಣದುರ್ಗದ ಬಸ್ಸು ಹತ್ತಿದ.

ಅಮ್ಮ ಇರುವವರೆಗೆ ಬೇಡ, ಆಮೇಲೆ ಹೇಳೋಣ ಎಂದುಕೊಂಡೆ. ಅಮ್ಮ ನಾಲ್ಕು ವರ್ಷ ಬದುಕಿ ಹೋದಳು. ಅಣ್ಣ ಬಂದು ಕರ್ಮ ಮುಗಿಸಿ ವಾಪಸಾದ. ಆಗಲೂ ಹೇಳಲಿಲ್ಲ. ಅಷ್ಟು ಹೊತ್ತಿಗೆ ತಾತನೂ ಇರಲಿಲ್ಲ, ಕೇಂದ್ರಕ್ಕೆ ಬೀಗ ಬಿದ್ದಿತ್ತು. ಜಪಾನಿನ ಆ ಕಾಗದ ಮಾತ್ರ ನನ್ನ ಟ್ರಂಕಿನಲ್ಲಿತ್ತು.

ಮರುವರ್ಷ ಸುದ್ದಿ ಬಂತು. ಮಿಲ್ಲಿನ ಬೆಲ್ಟಿಗೆ ಸಿಕ್ಕಿ ಅಣ್ಣನ ಬಲಗೈಯ ಎರಡು ಬೆರಳು ಹೋಗಿದ್ದವು.

ಕಾಗದ ತೆಗೆದುಕೊಂಡು ಹೋದೆ. ಅವನು ಜಗಲಿಯ ಮೇಲೆ ಕೂತಿದ್ದ, ಕೈಗೆ ಪಟ್ಟಿ ಕಟ್ಟಿತ್ತು, ತಲೆಯ ತುಂಬ ಕಡಲೆ ಸಿಪ್ಪೆಯ ಧೂಳು. ಕ್ಷೇಮ ಕೇಳುವ ಮುಂಚೆಯೇ ಕಾಗದ ಬಿಚ್ಚಿ ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. ಹಚ್ಚಿದ್ದು ನಾನು ಎಂದೂ ಹೇಳಿದೆ.

ಅವನು ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದ.

"ಅರಿಶಿಣ ಹಚ್ಚದೆ ಯಾರು ಕಳಿಸ್ತಾರೆ? ನಾನಾಗಿದ್ರೂ ಹಚ್ತಿದ್ದೆ," ಎಂದ. "ಐದು ವರ್ಷ ನನ್ನ ಕೈನ ನಾನೇ ಬೈಕೊಂಡೆ ಕಣಮ್ಮ. ಮಿಲ್ಲಲ್ಲಿ ಮೂಟೆ ಹೊರೋವಾಗೆಲ್ಲ, ಈ ಕೈಗೆ ಇದೇ ಸರಿ ಅಂತಿದ್ದೆ."

ನಾನು ಅತ್ತೆ. ಅವನು ಸಮಾಧಾನ ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ. ಒಳಗೆ ಮುದ್ದೆ ತಿರುವುತ್ತಿದ್ದ ಅತ್ತಿಗೆಯನ್ನು ಕೂಗಿ ಕರೆದ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು.

"ನೇಯ್ಗೆ ಬಗ್ಗೆ ಬರ್ದಿದ್ದಾರಲ್ಲ, ಅದೊಂದು ಸಾಲು ಇವ್ಳಿಗೂ ಓದು," ಎಂದ.

ಓದಿದೆ. ಇನ್ನೊಂದು ಸಲ ಎಂದ, ಮತ್ತೆ ಓದಿದೆ.